ಇಷ್ಟು ಬಿಸಿಲಿದ್ದರೂ ಸೋಲಾರ್ ಡಬಲ್ ಕರೆಂಟ್ ಯಾಕೆ ಕೊಡಲ್ಲ?

"ನಮ್ಮ ಕಲಬುರಗಿ ಬಿಸಿಲು ಸುಮ್ನೆ ಹಾಳಾಗ್ತದಲ್ರೀ. ಮಾಳಿಗಿ ಮ್ಯಾಲ ಸೋಲಾರ್ ಹಾಕಿಸಿದ್ರ ಬೆಂಗಳೂರಿನಕಿಂತ ಡಬಲ್ ಕರೆಂಟ್ ಬರ್ತದೇನ್ರೀ?"

ಸೋಲಾರ್ ಕೂರಿಸುವ ಕೆಲಸ ನನ್ನದು ಅಂತ ಗೊತ್ತಾದರೆ ಸಾಕು, ಮದುವೆ ಊಟಕ್ಕೆ ಕೂತಲ್ಲೂ ಈ ಪ್ರಶ್ನೆ ಬರುತ್ತದೆ. ಸ್ವಲ್ಪ ಜಾಸ್ತಿ ಬಂದೀತು, ಡಬಲ್ ಬರಲ್ಲ.

ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಕಾವು ಏರಿದಷ್ಟೂ ಅದರ ಕಸುವು ಇಳಿಯುತ್ತದೆ. ಪ್ಯಾನೆಲ್ ಹಿಂದೆ ಅಚ್ಚು ಹಾಕಿರುವ ವ್ಯಾಟ್ ಲೆಕ್ಕ, ಒಳಗೆ ಬೆಳಕನ್ನು ಕರೆಂಟ್ ಮಾಡುವ ಸೆಲ್ 25 ಡಿಗ್ರಿಯಲ್ಲಿ ಇದ್ದಾಗಿನದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.3ರಿಂದ 0.4 ಪರ್ಸೆಂಟ್ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದರೆ, ಮಾಳಿಗೆ ಮೇಲಿನ ಸೆಲ್ 65ರ ಹತ್ತಿರ ಕಾದಿರುತ್ತದೆ. ಪ್ಯಾನೆಲ್‌ನ ಹಿಂಬದಿಗೆ ಕೈ ಇಟ್ಟರೆ ತಟ್ಟನೆ ತೆಗೆಯಬೇಕು, ಹಾಗೆ. ಅಲ್ಲಿಗೆ ನೂರರಲ್ಲಿ ಹನ್ನೆರಡರಿಂದ ಹದಿನಾರು ಪಾಲು ಹೋಯಿತು. ಆಕಾಶ ತಿಳಿಯಾಗಿದ್ದು ಬೇಸಿಗೆ ಇನ್ನೂ ಬಲಿಯದ ಫೆಬ್ರವರಿ, ಮಾರ್ಚ್ ಇದಕ್ಕೆ ಒಳ್ಳೆಯ ಕಾಲ. ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಅಂದುಕೊಳ್ಳಿ.

ಅದಕ್ಕೇ ಪ್ಯಾನೆಲನ್ನು ಮಾಳಿಗೆಗೆ ಅಂಟಿಸಿದಂತೆ ಕೂರಿಸಬಾರದು. ಅಡಿಯಲ್ಲಿ ಗಾಳಿ ಆಡಬೇಕು. ಧೂಳು ಕೂತರೂ ನಷ್ಟವೇ. ಪರಸಿ ಕಲ್ಲು ಪಾಲಿಶ್ ಮಾಡುವ, ಸಿಮೆಂಟ್ ಫ್ಯಾಕ್ಟರಿ ಇರುವ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ತೊಳೆಯೋದಾದರೆ ಬಿಸಿಲೇರುವ ಮೊದಲು ತೊಳೆಯಿರಿ. ಬೋರಿನ ಗಡಸು ನೀರು ಗಾಜಿನ ಮೇಲೆ ಹಾಗೇ ಆರಿದರೆ ಬಿಳಿ ಕಲೆ ಉಳಿಯುತ್ತದೆ, ಒರೆಸಿಬಿಡಿ. ನಡು ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯುವ ಶೂರರೂ ಇದ್ದಾರೆ. ಗಾಜು ಸೀಳಿದರೆ ಆಮೇಲೆ ನನಗೇ ಫೋನು!

ಇದರ ಬೆನ್ನಿಗೇ ಇನ್ನೊಂದು: "ಲೈನ್ ಹೋದ್ರೂ ಫ್ಯಾನ್ ತಿರುಗ್ತದಲ್ರೀ?" ಬ್ಯಾಟರಿ ಇಲ್ಲದೆ ಸರ್ಕಾರಿ ಲೈನಿಗೇ ಜೋಡಿಸಿದ ಬರೀ ಆನ್‌ಗ್ರಿಡ್ ಸೋಲಾರ್ ಆದರೆ ತಿರುಗಲ್ಲ. ಲೈನ್ ಸತ್ತ ತಕ್ಷಣ, ಪ್ಯಾನೆಲ್ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಸೋಲಾರ್ ಇನ್ವರ್ಟರ್ ತಾನೂ ನಿಲ್ಲುತ್ತದೆ. ನಿಲ್ಲದೆ ನಿಮ್ಮ ಮನೆಯಿಂದ ಕರೆಂಟ್ ತಂತಿಗೆ ಹರಿದರೆ, ಕಂಬ ಹತ್ತಿದ ಲೈನ್‌ಮನ್ ಗತಿ ಏನು? ಫ್ಯಾನ್ ತಿರುಗಲೇಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ದುಡ್ಡೂ ಜಾಸ್ತಿ.

ಹಾಗಾದರೆ ಯಾರು ಹಾಕಿಸಬೇಕು? ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರಿಗೆ ಅವಸರ ಬೇಡ ಅಂತಲೇ ನಾನು ಹೇಳೋದು. ವ್ಯಾಪಾರ ಕೆಟ್ಟರೂ ಪರವಾಗಿಲ್ಲ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಇದೆ ನಿಜ, ಆದರೆ ಕಟ್ಟಬೇಕಿಲ್ಲದ ಬಿಲ್ಲಿನಲ್ಲಿ ಉಳಿಸೋದು ಏನನ್ನು? 200 ಯೂನಿಟ್ ದಾಟುವ, ಎಸಿ ಓಡುವ ಮನೆಯ ಲೆಕ್ಕ ಬೇರೆ.

ನನಗೆ ಆಸೆ ಇರೋದು ದಾಲ್ ಮಿಲ್‌ಗಳ ಮೇಲೆ. 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಗುರುತು) ಸಿಕ್ಕಿದ ನಮ್ಮ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುತ್ತದೆ. ಹೊಸ ಮಾಲು ಮಿಲ್‌ಗೆ ಬರುವ ಹೊತ್ತಿಗೇ ಪ್ಯಾನೆಲ್‌ಗೂ ಸುಗ್ಗಿ. ಮೋಟಾರ್ ಹಗಲು ಓಡಿದರೆ ಬ್ಯಾಟರಿಯ ಗೊಡವೆಯೇ ಇಲ್ಲ. ಹೊಲದ ಪಂಪ್‌ಸೆಟ್ಟಿನದೂ ಅದೇ ಮಾತು. ರಾತ್ರಿ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಕೊಟ್ಟಾಗ ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ಹೋಗಿ ನೀರು ಬಿಟ್ಟವರಿಗೆ, ಹಗಲು ಕರೆಂಟ್ ಅಂದರೆ ಏನು ಅಂತ ಗೊತ್ತು. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಹೊಲಗಳಿಗೆ ಕರೆಂಟ್ ಒಯ್ಯುವ ಲೈನನ್ನೇ, ಅಂದರೆ ಕೃಷಿ ಫೀಡರನ್ನೇ, ಸೋಲಾರ್ ಮಾಡಲು ಅವಕಾಶ ಕೊಟ್ಟಿದ್ದರು. 

ಈಗ ಯಾರಾದರೂ "ಎಷ್ಟಾಗ್ತದ?" ಅಂದರೆ ನಾನು ರೇಟ್ ಹೇಳಲ್ಲ. ಒಂದು ವರ್ಷದ ಬಿಲ್ ತನ್ನಿ ಅಂತೀನಿ, ಹಗಲು ಯಾವ ಯಾವ ಮೋಟಾರ್ ಓಡುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ ಅಂತೀನಿ.