ರಜೆಗೆ ಊರಿಗೆ ಹೊರಡುವ ಮುನ್ನ: ಅಮೆರಿಕದಲ್ಲಿ ಓದುತ್ತಿರುವ ಎಫ್-1 ವಿದ್ಯಾರ್ಥಿಗಳಿಗೆ

ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಅಮೆರಿಕದ ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗೆ ಉಳಿದು ಓದುವ ಹಕ್ಕು ಕೊಡುವುದು ದೇಶದೊಳಗೆ ಬಂದಾಗ ಮಾಡುವ ಐ-94 ದಾಖಲೆ ಮತ್ತು ಕಾಲೇಜು ಕೊಡುವ, ಚಾಲ್ತಿಯಲ್ಲಿರುವ ಐ-20 ಪತ್ರ. ವೀಸಾ ಅವಧಿ ಮುಗಿದಿದ್ದರೂ ಇವೆರಡು ಸರಿಯಿದ್ದರೆ ಅಲ್ಲಿ ಓದುತ್ತಿರುವುದು ಪೂರ್ತಿ ಕಾನೂನುಬದ್ಧ. ಆದರೆ ಒಮ್ಮೆ ದೇಶದಿಂದ ಹೊರಬಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ವೀಸಾ ಮುಗಿದಿದ್ದರೆ ಹೊಸ ಸ್ಟ್ಯಾಂಪಿಂಗ್ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಿಕೊಳ್ಳುವುದು) ಆಗದೆ ವಾಪಸ್ ವಿಮಾನ ಹತ್ತಲಾಗದು. ಹಾಗಾಗಿ ಟಿಕೆಟ್ ನೋಡುವ ಮೊದಲು ವೀಸಾದ ಮೇಲಿನ ಕೊನೆಯ ದಿನಾಂಕ ನೋಡಿ. ವಾಪಸ್ ಬಂದಿಳಿಯುವ ದಿನ ಆ ವೀಸಾ ಜೀವಂತವಾಗಿರುತ್ತದೆ ಎಂದಾದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

2025ರ ಜೂನ್ 9ರಿಂದ ಜಾರಿಗೆ ಬಂದ ಪ್ರಯಾಣ ನಿಷೇಧ, ಅಂದರೆ ಕೆಲವು ದೇಶದವರು ಅಮೆರಿಕಕ್ಕೆ ಬರದಂತೆ ತಡೆಯುವ ಆದೇಶ, ಮೊದಲಿಗೆ 12 ದೇಶಗಳಿಗೆ ಪೂರ್ತಿಯಾಗಿ, 7 ದೇಶಗಳಿಗೆ ಭಾಗಶಃ ಅನ್ವಯವಾಯಿತು. ಭಾಗಶಃ ಎಂದರೂ ವಿದ್ಯಾರ್ಥಿ ವೀಸಾಗಳಾದ ಎಫ್, ಎಂ, ಜೆ ಅದರೊಳಗೇ ಬಂದವು. 2026ರ ಜನವರಿ 1ರಿಂದ ಸಿರಿಯಾ, ನೈಜೀರಿಯಾ ಸೇರಿದಂತೆ ಇನ್ನಷ್ಟು ದೇಶಗಳು ಪಟ್ಟಿಗೆ ಸೇರಿದವು. ಭಾರತ ಇದರಲ್ಲಿಲ್ಲ. ನಿಮ್ಮ ಲ್ಯಾಬಿನಲ್ಲೋ ಮನೆಯಲ್ಲೋ ಪಟ್ಟಿಯ ದೇಶದ ಗೆಳೆಯರಿದ್ದರೆ ಅವರಿಗೊಂದು ಮಾತು ತಿಳಿಸಿ: ಮೊದಲೇ ಕೊಟ್ಟ ವೀಸಾಗಳನ್ನು ಈ ಆದೇಶ ತಾನಾಗಿಯೇ ರದ್ದು ಮಾಡುವುದಿಲ್ಲ. ಆದರೆ ವೀಸಾ ಮುಗಿದಿದ್ದು ಅವರು ಹೊರಗೆ ಹೋದರೆ ಹೊಸದು ಸಿಗುವ ದಾರಿ ಮುಚ್ಚಿದಂತೆಯೇ.

ಭಾರತದವರನ್ನು ಕಟ್ಟಿಹಾಕುತ್ತಿರುವುದು ನಿಷೇಧವಲ್ಲ, ವೀಸಾ ಪಡೆಯುವ ದಾರಿಯಲ್ಲಾದ ಬದಲಾವಣೆಗಳು. 2025ರ ಸೆಪ್ಟೆಂಬರ್ 2ರಿಂದ ಸಂದರ್ಶನವಿಲ್ಲದೆ ವೀಸಾ ನವೀಕರಿಸುವ ಡ್ರಾಪ್‌ಬಾಕ್ಸ್ ಸೌಲಭ್ಯ ಬಹುತೇಕ ನಿಂತಿತು. ಎಫ್-1 ನವೀಕರಣಕ್ಕೂ ಖುದ್ದು ಸಂದರ್ಶನ ಬೇಕು. ಅದೇ ತಿಂಗಳ 6ರಿಂದ ಸ್ವಂತ ದೇಶದಲ್ಲಿ ಅಥವಾ ಕಾನೂನುಬದ್ಧವಾಗಿ ವಾಸವಿರುವ ದೇಶದಲ್ಲಿ ಮಾತ್ರ ಸಂದರ್ಶನ ಎಂದಾಯಿತು. ಮೆಕ್ಸಿಕೊಕ್ಕೋ ಥಾಯ್ಲೆಂಡಿಗೋ ಹೋಗಿ ಸ್ಟ್ಯಾಂಪಿಂಗ್ ಮುಗಿಸಿಕೊಂಡು ಬರುತ್ತಿದ್ದ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ. ಅಲ್ಲಿ ಹಣ ಕಟ್ಟಿ ತಿರಸ್ಕೃತರಾದರೆ ಶುಲ್ಕ ವಾಪಸ್ ಬರದು, ಬೇರೆ ದೇಶಕ್ಕೆ ವರ್ಗಾವಣೆಯೂ ಆಗದು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಬಹಳ ಜನ ಇಲ್ಲೇ ವೀಸಾ ಸಿಗುತ್ತದೆಂದುಕೊಂಡರು. ಅದು ವೀಸಾ ಸೇವೆಯೊಂದಿಗೆ ಶುರುವಾದದ್ದಲ್ಲ. ಚೆನ್ನೈ, ಹೈದರಾಬಾದ್ ಅಥವಾ ಮುಂಬೈ ಎಂದೇ ಲೆಕ್ಕ ಹಾಕಿಕೊಂಡು ಸಂದರ್ಶನದ ಸ್ಲಾಟ್ ಹುಡುಕಿ. ಸ್ಲಾಟ್ ಕೈಗೆ ಸಿಗದೆ ಊರಿಗೆ ಟಿಕೆಟ್ ಬುಕ್ ಮಾಡುವುದು ಈಗಿನ ಕಾಲದಲ್ಲಿ ತೀರಾ ಅಪಾಯದ ಕೆಲಸ.

ವೀಸಾ ಅರ್ಜಿಯಾದ ಡಿಎಸ್-160 ಫಾರ್ಮಿನಲ್ಲಿ ಎಡವುವವರೇ ಹೆಚ್ಚು. ಸ್ಲಾಟ್ ಬುಕ್ ಮಾಡುವಾಗ ಕೊಟ್ಟ ದೃಢೀಕರಣ ಸಂಖ್ಯೆಯೂ ಸಂದರ್ಶನಕ್ಕೆ ಒಯ್ಯುವ ಪ್ರತಿಯಲ್ಲಿರುವ ಸಂಖ್ಯೆಯೂ ಒಂದೇ ಆಗಿರಬೇಕು. ತಪ್ಪು ತಿದ್ದಲು ಹೊಸ ಫಾರ್ಮ್ ತುಂಬಿ ಅಪಾಯಿಂಟ್‌ಮೆಂಟಿನಲ್ಲಿ ಹಳೆಯ ಸಂಖ್ಯೆಯನ್ನೇ ಬಿಟ್ಟರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಕಳೆದ 5 ವರ್ಷಗಳಲ್ಲಿ ಬಳಸಿದ ಎಲ್ಲ ಸಾಮಾಜಿಕ ಜಾಲತಾಣಗಳ ಖಾತೆಗಳನ್ನೂ ಬರೆಯಬೇಕು, ಪಿಯುಸಿ ಕಾಲದಲ್ಲಿ ತೆರೆದು ಮರೆತುಬಿಟ್ಟದ್ದೂ ಸೇರಿ. 2025ರ ಜೂನ್‌ನಿಂದ ಎಫ್, ಎಂ, ಜೆ ಅರ್ಜಿದಾರರು ಖಾತೆಗಳನ್ನು ಪಬ್ಲಿಕ್ ಮಾಡಿಡಬೇಕು. ಸಂದರ್ಶನದ ಹಿಂದಿನ ದಿನ ಖಾತೆ ಅಳಿಸಿಹಾಕಬೇಡಿ. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನಕ್ಕೆ ಅದೇ ದಾರಿ.

ಸಂದರ್ಶನ ಮುಗಿದ ಮೇಲೆ ತೀರ್ಮಾನವನ್ನು ಸದ್ಯಕ್ಕೆ ತಡೆಹಿಡಿಯುವ 221(ಜಿ) ಚೀಟಿ ಕೊಟ್ಟರೆ ವೆಬ್‌ಸೈಟಿನಲ್ಲಿ 'ತಿರಸ್ಕೃತ' ಎಂದು ಕಾಣುತ್ತದೆ. ಎದೆ ಒಡೆದುಕೊಳ್ಳಬೇಡಿ, ಹೆಚ್ಚುವರಿ ಪರಿಶೀಲನೆ ನಡೆಯುತ್ತಿರುವಾಗಲೂ ಅದೇ ಪದ ಬರುತ್ತದೆ. ಆದರೆ ಅದಕ್ಕೆ ಇಷ್ಟು ದಿನ ಎಂಬ ಗಡುವಿಲ್ಲ. ಸೂಕ್ಷ್ಮ ತಂತ್ರಜ್ಞಾನದ ವಿಷಯಗಳಲ್ಲಿ ಸಂಶೋಧನೆ ಮಾಡುವವರಿಗೆ ಈ ಚೀಟಿ ಬರುವ ಸಂಭವ ಹೆಚ್ಚು. ರೆಸ್ಯೂಮೆ, ಸಂಶೋಧನೆಯ ಒಂದು ಪುಟದ ಸಾರಾಂಶ, ಪ್ರಕಟಣೆಗಳ ಪಟ್ಟಿ, ಗೈಡ್ ಬರೆದ ಪತ್ರ, ಇಷ್ಟನ್ನು ಹೊರಡುವಾಗಲೇ ಸಿದ್ಧವಾಗಿಟ್ಟುಕೊಳ್ಳಿ.

ಐ-20ಯ ಎರಡನೇ ಪುಟದಲ್ಲಿ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಯಾದ ಡಿಎಸ್‌ಒ ಹಾಕುವ ಪ್ರಯಾಣದ ಸಹಿ ಒಂದು ವರ್ಷ ನಡೆಯುತ್ತದೆ, ಒಪಿಟಿಯಲ್ಲಿದ್ದರೆ (ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿ) 6 ತಿಂಗಳು. ವಾಪಸ್ ಬರುವ ದಿನಕ್ಕೆ ಲೆಕ್ಕ ಹಾಕಿ, ಹೊರಡುವ ದಿನಕ್ಕಲ್ಲ. ಸಹಿ ಇಲ್ಲದೆ ಬಂದಿಳಿದರೆ, ಅಧಿಕಾರಿ ಒಪ್ಪಿದರೆ, ಐ-515ಎ ಎಂಬ ಚೀಟಿ ಕೊಟ್ಟು 30 ದಿನಗಳಿಗೆ ಮಾತ್ರ ಒಳಗೆ ಬಿಡುತ್ತಾರೆ. ಅಷ್ಟರೊಳಗೆ ಡಿಎಸ್‌ಒ ಜೊತೆ ಸೇರಿ ಕಾಗದಗಳನ್ನು ಸರಿಪಡಿಸಬೇಕು. ಪ್ರತಿ ಸಲ ಒಳಬಂದ ಮೇಲೂ ಐ-94 ತೆಗೆದು ನೋಡಿ. ಎಫ್-1 ಮತ್ತು ಡಿ/ಎಸ್ (ವಿದ್ಯಾರ್ಥಿ ಸ್ಥಿತಿ ಇರುವಷ್ಟು ಕಾಲ) ಎಂದಿರಬೇಕು. ಡಿ/ಎಸ್ ಜಾಗದಲ್ಲಿ ಯಾವುದೋ ದಿನಾಂಕ ಕಂಡರೆ ಅಂದೇ ಡಿಎಸ್‌ಒಗೆ ತಿಳಿಸಿ.

ಇಲ್ಲಿ ನಮ್ಮವರಿಗೇ ವಿಶೇಷವಾದ ತೊಡಕೊಂದಿದೆ. ಸರ್‌ನೇಮ್ ಇಲ್ಲದೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಕನ್ನಡಿಗರು ಬಹಳ. ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' (FNU, ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಐ-94 ಹುಡುಕಿದಾಗ ದಾಖಲೆಯೇ ಇಲ್ಲ ಎಂದು ಬಂದರೆ ಗಾಬರಿಯಾಗುವ ಮುನ್ನ ಮೊದಲ ಹೆಸರಿನಲ್ಲಿ ಆ ಮೂರು ಅಕ್ಷರ ಹಾಕಿ ನೋಡಿ.

ವೀಸಾ ಮುಗಿದವರಿಗೂ ಒಂದು ಸಣ್ಣ ಕಿಟಕಿ ತೆರೆದಿದೆ. ಕೆನಡಾ ಅಥವಾ ಮೆಕ್ಸಿಕೊಕ್ಕೆ 30 ದಿನ ಮೀರದಂತೆ ಹೋಗಿ, ಚಾಲ್ತಿ ಐ-94 ಮತ್ತು ಸಹಿ ಇರುವ ಐ-20 ತೋರಿಸಿ ಹಳೆಯ ವೀಸಾದಲ್ಲೇ ಮರಳಬಹುದು. ಆದರೆ ಅಲ್ಲಿರುವಾಗ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸೌಲಭ್ಯ ಹೋಯಿತು. ಕೆನಡಾಕ್ಕೆ ಹೋಗಲು ಕೆನಡಾದ ವೀಸಾ ಬೇರೆಯೇ ಬೇಕು.

ಉದ್ಯೋಗಿಗಳ ಕುಟುಂಬದವರಿಗೆ ಕೊಡುವ ಎಚ್-4ನಿಂದ ಎಫ್-1ಗೆ ಅಮೆರಿಕದೊಳಗೇ ಬದಲಾದವರ ಬಳಿ ಎಫ್-1 ವೀಸಾ ಇರುವುದೇ ಇಲ್ಲ. ಊರಿಗೆ ಹೋದ ಮೊದಲ ಸಲವೇ ಸ್ಟ್ಯಾಂಪಿಂಗ್ ಆಗಬೇಕು. ಇನ್ನು ಎಚ್-1ಬಿ ಉದ್ಯೋಗ ವೀಸಾದ ಲಾಟರಿ ಬಂದು ಕಂಪನಿ ಸ್ಥಿತಿ ಬದಲಾವಣೆಯ ಅರ್ಜಿ ಹಾಕಿರುವವರು ಅದು ಮಂಜೂರಾಗುವವರೆಗೆ ದೇಶ ಬಿಡಲೇಬಾರದು. ಹೊರಟರೆ ಸ್ಥಿತಿ ಬದಲಾವಣೆಯ ಕೋರಿಕೆ ಕೈಬಿಟ್ಟಂತೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ 1,00,000 ಡಾಲರ್ ಎಚ್-1ಬಿ ಶುಲ್ಕ ಒಳಗಿದ್ದುಕೊಂಡೇ ಸ್ಥಿತಿ ಬದಲಿಸಿಕೊಳ್ಳುವವರಿಗೆ ಅನ್ವಯಿಸದು ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ತೀರ್ಮಾನವಾಗುವ ಮುನ್ನ ಹೊರಹೋದವರ ಅರ್ಜಿಗೆ ಅನ್ವಯಿಸುತ್ತದೆ ಎಂದೂ ಅದರಲ್ಲೇ ಹೇಳಿತು. ಒಂದು ಮದುವೆಗೆ ಹೋಗಿ ಬರುವ ಆಸೆ ಕೆಲಸವನ್ನೇ ಕಳೆಯಬಹುದು. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಬಂದಿಳಿದಲ್ಲಿ ಅಧಿಕಾರಿ ಹೆಚ್ಚಿನ ವಿಚಾರಣೆಗೆ ಎರಡನೇ ಕೋಣೆಗೆ ಕರೆದರೆ ಐ-20, ಪ್ರಸಕ್ತ ಸೆಮಿಸ್ಟರಿನ ನೋಂದಣಿ ಪತ್ರ, ಅಂಕಪಟ್ಟಿ, ಹಣಕಾಸಿನ ದಾಖಲೆ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಲ್ಲ. ಡಿಎಸ್‌ಒ ಕಚೇರಿಯ ತುರ್ತು ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ, ಫೋನ್ ನಿಮ್ಮ ಕೈಯಲ್ಲಿರದೆ ಹೋಗಬಹುದು. ಪ್ರವೇಶ ನಿರಾಕರಿಸುವ ಹಂತ ಬಂದರೆ ಪ್ರವೇಶದ ಕೋರಿಕೆಯನ್ನು ಹಿಂತೆಗೆದುಕೊಳ್ಳಲು ಅವಕಾಶ ಕೊಡುವಿರಾ ಎಂದು ಕೇಳಿ. ಕೊಡುವುದು ಬಿಡುವುದು ಅವರ ವಿವೇಚನೆ. ಆದರೆ ತ್ವರಿತ ಗಡೀಪಾರಿನ ಆದೇಶವಾದರೆ 5 ವರ್ಷ ಮರಳಿ ಬರಲಾಗದು. ಸಹಿ ಮಾಡುವ ಮುನ್ನ ಪ್ರತಿ ಪುಟ ಓದಿ, ಅರ್ಥವಾಗದಿದ್ದರೆ ಕನ್ನಡದ ದುಭಾಷಿ ಬೇಕೆಂದು ಕೇಳಲು ಹಿಂಜರಿಯಬೇಡಿ.

ಊರಲ್ಲೇ ಸಿಕ್ಕಿಹಾಕಿಕೊಂಡರೆ? ವೀಸಾ ತಡವಾಗುತ್ತದೆಂದು ಅನ್ನಿಸಿದ ವಾರವೇ ಡಿಎಸ್‌ಒಗೆ ಬರೆಯಿರಿ. ಸೆಮಿಸ್ಟರ್ ಶುರುವಾದ ಮೇಲೆ ಬರೆದರೆ ಗೈರುಹಾಜರಿಯಿಂದ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆ ರದ್ದಾಗುವ ಭಯವಿದೆ. ರಜೆ ಪಡೆದು ಹೊರಗೆ 5 ತಿಂಗಳು ದಾಟಿದರೆ ಹೊಸ ಐ-20, ಹೊಸ ಸೆವಿಸ್ ಶುಲ್ಕ 350 ಡಾಲರ್. ಅದಕ್ಕಿಂತ ದೊಡ್ಡ ನಷ್ಟವೆಂದರೆ ಸಿಪಿಟಿ (ಓದಿನ ಭಾಗವಾಗಿ ಮಾಡುವ ಕೆಲಸ), ಒಪಿಟಿಗೆ ಬೇಕಾದ ಒಂದು ಪೂರ್ಣ ಶೈಕ್ಷಣಿಕ ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುವುದು. ಒಪಿಟಿಯಲ್ಲಿ ಕೆಲಸವಿಲ್ಲದೆ ಹೊರಗೆ ಕಳೆದ ದಿನಗಳೂ 90 ದಿನಗಳ ನಿರುದ್ಯೋಗದ ಮಿತಿಯಲ್ಲಿ ಸೇರುತ್ತವೆ. ಹೀಗಾಗಿ ಹೊರಡುವಾಗಲೇ ರೂಮ್‌ಮೇಟ್ ಕೈಗೆ ಬಾಡಿಗೆ ಕರಾರಿನ ಪ್ರತಿ ಮತ್ತು ಮನೆಯ ಕೀ ಕೊಟ್ಟಿರಿ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಎಲ್ಲಿದೆ ಎಂದು ಹೇಳಿರಿ. ಬ್ಯಾಂಕಿನ ಒಟಿಪಿ ಬರುವ ಅಮೆರಿಕದ ಫೋನ್ ಸಂಖ್ಯೆ ಊರಲ್ಲೂ ಕೆಲಸ ಮಾಡುವಂತೆ ಮಾಡಿಕೊಂಡು ಹೊರಡಿ.