ಬಾವಿ ತೋರಿಸಿದ ಜಾಗ

ಬೆಳಿಗ್ಗೆ ಏಳು ಗಂಟೆಗೆ ಬಾವಿಯ ಒಳಗೋಡೆಯ ಮೇಲೆ ನಾನು ಇದ್ದಲಿನಿಂದ ಎಳೆದಿದ್ದ ಗೆರೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಂದು ಗೇಣು ನೀರಿನ ಕೆಳಗಿತ್ತು. ಮಳೆ ಬಂದಿರಲಿಲ್ಲ, ಫೆಬ್ರವರಿಯ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಹೊರಗೆ ಸಮುದ್ರದಲ್ಲಿ ಉಬ್ಬರ ಏರಿದಂತೆ ದಡದಿಂದ ತುಸು ಒಳಗಿದ್ದ ಈ ಬಾವಿಯೂ ಅದರ ಜೊತೆಗೆ ಏರಿತ್ತು. ಆಸ್ಪತ್ರೆಗಳ ನಕ್ಷೆ ಬರೆಯುವುದನ್ನೇ ಕಸುಬಾಗಿಸಿಕೊಂಡು ಇಪ್ಪತ್ತು ವರ್ಷ ಕಳೆದ ನಾನು, ಕಟ್ಟಡ ನಿಲ್ಲುವ ನೆಲ ಹೀಗೆ ದಿನಕ್ಕೆರಡು ಬಾರಿ ಉಸಿರಾಡುವುದನ್ನು ನೋಡಿದ್ದು ಅದೇ ಮೊದಲು.

ಲಕ್ಷದ್ವೀಪದ ಅಮೀನಿ ಗುಂಪಿಗೆ ಸೇರಿದ ಒಂದು ದ್ವೀಪದಲ್ಲಿ ಹೊಸ ಆಸ್ಪತ್ರೆಗೆ ಜಾಗ ನೋಡಿ ವರದಿ ಕೊಡುವ ಮೂವರ ತಂಡದಲ್ಲಿ ನಾನೂ ಒಬ್ಬನಾಗಿದ್ದೆ. ಉಳಿದಿಬ್ಬರಲ್ಲಿ ಒಬ್ಬರು ಅಂತರ್ಜಲದ ತಜ್ಞರು, ಇನ್ನೊಬ್ಬರು ನಿವೃತ್ತ ಸರ್ಕಾರಿ ವೈದ್ಯರು. ದ್ವೀಪದ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಜಾಗದ ವಿಷಯ ಎಲ್ಲಿದ್ದರೂ ಸೂಕ್ಷ್ಮ, ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಐದಾರು ಸಾವಿರ ಜನರ ನಡುವೆ ಇನ್ನಷ್ಟು ಸೂಕ್ಷ್ಮ. ನಕ್ಷೆಯಲ್ಲಿ ಅಳೆದರೆ ಮಂಗಳೂರಿನಿಂದ ಈ ದ್ವೀಪಗಳು ಹೆಚ್ಚುಕಡಿಮೆ 250ರಿಂದ 300 ಕಿ.ಮೀ. ದೂರದಲ್ಲಿವೆ, ಕೊಚ್ಚಿಗಿಂತ ಎಷ್ಟೋ ಹತ್ತಿರ. ಆದರೂ ನಾನು ಮಂಗಳೂರಿನಿಂದ ರೈಲಿನಲ್ಲಿ ತೆಂಕಣಕ್ಕೆ ಕೊಚ್ಚಿಯವರೆಗೆ ಹೋಗಿ, ಅಲ್ಲಿ ಹಡಗು ಹತ್ತಿ ಮತ್ತೆ ವಾಯವ್ಯಕ್ಕೆ ತಿರುಗಿ ಬರಬೇಕಾಯಿತು. 1956ರ ನವೆಂಬರ್ 1ರವರೆಗೆ ಅಮೀನಿ ಗುಂಪಿನ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಅಧಿಕಾರದ ಕೆಳಗೆ ಒಬ್ಬ ಮೊನೆಗಾರ ಅಲ್ಲಿ ಕುಳಿತು ಆಡಳಿತ ನೋಡುತ್ತಿದ್ದ. ನಮ್ಮ ರಾಜ್ಯ ಹುಟ್ಟಿದ ದಿನವೇ ಅವರ ಕೇಂದ್ರಾಡಳಿತ ಪ್ರದೇಶವೂ ಹುಟ್ಟಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಅವರಿಗೂ ಅದೇ ದಿನ ಲಕ್ಷದ್ವೀಪವೆಂಬ ಹೆಸರು ಬಂತು. ಸಿಮೆಂಟು, ಕಬ್ಬಿಣ, ಜಲ್ಲಿಗಳು ಮಾತ್ರ ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದಲೂ ಕೇರಳದ ಬೇಪೂರಿನಿಂದಲೂ ಅಲ್ಲಿಗೆ ಹೋಗುತ್ತವೆ.

ನಾನು ಊರಿನಿಂದ ಹೊರಡುವಾಗಲೇ ಮನಸ್ಸಿನಲ್ಲಿ ಒಂದು ನಕ್ಷೆ ಇತ್ತು. ನಮ್ಮ ದೇಶದ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಮೂವತ್ತು ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಈ ಲೆಕ್ಕವನ್ನು ಕಣ್ಣುಮುಚ್ಚಿ ಹಾಕಿದರೆ ಆ ದ್ವೀಪಕ್ಕೆ ಸಲ್ಲುವುದು ಎರಡು ಕೋಣೆಯ ಒಂದು ಉಪಕೇಂದ್ರ ಮಾತ್ರ. ಲಕ್ಷದ್ವೀಪದ ಜನವಸತಿಯ ಹತ್ತೂ ದ್ವೀಪಗಳನ್ನು ಕೂಡಿಸಿದರೂ 2011ರ ಜನಗಣತಿಯಂತೆ ಇರುವವರು 64,473 ಮಂದಿ. ಬೆಂಗಳೂರಿನ ಕೆಲವೇ ವಾರ್ಡುಗಳಷ್ಟು. ಆದರೆ ವಾರ್ಡಿನ ರೋಗಿ ಆಟೋ ಹತ್ತಿ ಪಕ್ಕದ ವಾರ್ಡಿಗೆ ಹೋಗಬಲ್ಲ. ಜನಸಂಖ್ಯೆಯನ್ನು ಆಧರಿಸಿದ ಮಾನದಂಡ ಇಲ್ಲಿ ನಡೆಯುವುದಿಲ್ಲವೆಂದು ನಾವು ಮೊದಲೇ ಒಪ್ಪಿಕೊಂಡು ಮೂವತ್ತು ಹಾಸಿಗೆಗಳನ್ನು ಹಿಡಿದುಕೊಂಡಿದ್ದೆವು. ಅಷ್ಟರಿಂದಲೇ ದ್ವೀಪ ನನಗೆ ಅರ್ಥವಾಗಿದೆ ಎಂದು ನಾನು ಭಾವಿಸಿದ್ದು ತಪ್ಪಾಗಿತ್ತು.

ಆ ತಪ್ಪನ್ನು ಮೊದಲು ತೋರಿಸಿಕೊಟ್ಟವರು ಹಳೆಯ ಆಸ್ಪತ್ರೆಯ ಹಿರಿಯ ನರ್ಸ್. ನನ್ನ ನಕ್ಷೆಯಲ್ಲಿ ಔಷಧಿ ದಾಸ್ತಾನಿನ ಕೋಣೆ ಎಲ್ಲಿದೆ ಎಂದು ಅವರು ಕೇಳಿದರು. ತೋರಿಸಿದೆ. ಅವರು ಅದನ್ನು ಬೆರಳಿನಿಂದ ಮುಚ್ಚಿ, "ಇದು ಜೂನ್ ತಿಂಗಳಿಗಾಯಿತು, ಉಳಿದ ಮೂರು ತಿಂಗಳಿನದು?" ಎಂದರು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರಕು ಸಾಗಿಸುವ ಮರದ ಹಡಗುಗಳಾದ ಉರುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ದೊಡ್ಡ ಹಡಗು ಬಂದರೂ ಹಲವು ದ್ವೀಪಗಳಲ್ಲಿ ಅದು ಲಗೂನಿನ, ಅಂದರೆ ದಡಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರಿನ, ಒಳಗೆ ಬರಲಾಗದು. ಹೊರಗೆ ನಿಂತು ದೋಣಿಗೆ ಸಾಮಾನು ಇಳಿಸಬೇಕು, ಅಲೆ ಎದ್ದರೆ ಅದೂ ಇಲ್ಲ. ಮಂಗಳೂರಿನ ಆಸ್ಪತ್ರೆ ವಾರದ ಔಷಧಿಯನ್ನು ಕಪಾಟಿನಲ್ಲಿ ಇಟ್ಟುಕೊಂಡರೆ ಸಾಕು, ಇಲ್ಲಿ ನಾಲ್ಕು ತಿಂಗಳ ಔಷಧಿ, ಆಮ್ಲಜನಕದ ಸಿಲಿಂಡರುಗಳು, ಜನರೇಟರಿನ ಡೀಸೆಲ್, ಹಾಳಾಗಬಹುದಾದ ಪ್ರತಿಯೊಂದು ಯಂತ್ರದ ಬಿಡಿಭಾಗ, ಎಲ್ಲವೂ ಉಪ್ಪುಗಾಳಿ ತಾಗದಂತೆ ಒಂದೇ ಸೂರಿನಡಿ ಇರಬೇಕು. ನಾನು ಅಳತೆ ಹಾಕಿದ್ದ ಕೋಣೆ ಒಂದು ಗೋದಾಮಾಗಬೇಕಿತ್ತು.

ಆಮೇಲೆ ಅವರು ಒಂದು ಜುಲೈ ರಾತ್ರಿಯ ಕತೆ ಹೇಳಿದರು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ಒಬ್ಬ ತಾಯಿಯನ್ನು ಕೊಚ್ಚಿಗೆ ಸಾಗಿಸಲು ಹೆಲಿಕಾಪ್ಟರ್ ಬೇಡಿದ್ದರು, ಮೋಡ ಮುಸುಕಿದ್ದರಿಂದ ಅದು ಬಂದದ್ದು ಎರಡನೆಯ ದಿನದ ಬೆಳಿಗ್ಗೆ. ಅಷ್ಟು ಹೊತ್ತು ಆಕೆಯನ್ನು ಉಳಿಸಿಕೊಂಡದ್ದು ರಕ್ತದ ಗುಂಪುಗಳನ್ನು ಮನೆಮನೆಯ ಲೆಕ್ಕದಲ್ಲಿ ಬರೆದಿಟ್ಟಿದ್ದ ಒಂದು ನೋಟುಪುಸ್ತಕ ಮತ್ತು ಮಳೆಯಲ್ಲಿ ನೆನೆಯುತ್ತ ಬಂದು ಸಾಲಾಗಿ ಕುಳಿತ ಐದು ಮಂದಿ ಗಂಡಸರು. ತಾಯಿ ಬದುಕಿದಳೆಂದು ನರ್ಸ್ ಮೊದಲೇ ಹೇಳಿದ್ದರೂ ಕೇಳುವಾಗ ನನ್ನ ಕೈ ತಣ್ಣಗಾಗಿತ್ತು. ಆ ಸಂಜೆ ನಾನು ಹೊರರೋಗಿಗಳ ವಿಭಾಗವನ್ನು ಕುಗ್ಗಿಸಿ, ಹೆರಿಗೆ ಕೋಣೆಯ ಪಕ್ಕದಲ್ಲಿ ರಕ್ತ ಕೊಡುವವರು ಕುಳಿತುಕೊಳ್ಳಲು ಒಂದು ಜಗಲಿಯನ್ನೂ, ರೋಗಿಯನ್ನು ಎರಡು ಮೂರು ದಿನ ಹಿಡಿದಿಟ್ಟುಕೊಳ್ಳಬಲ್ಲ ನಾಲ್ಕು ಹಾಸಿಗೆಯ ಕೋಣೆಯೊಂದನ್ನೂ ಸೇರಿಸಿದೆ. ಯಾವ ಮಾನದಂಡದ ಪುಸ್ತಕದಲ್ಲೂ ಅಂಥ ಜಗಲಿ ಇಲ್ಲ.

ಇನ್ನು ಜಾಗ. ನಮ್ಮ ಕೈಗೆ ಕೊಟ್ಟಿದ್ದ ಪಟ್ಟಿಯಲ್ಲಿ ಮೂರು ಜಾಗಗಳಿದ್ದವು. ಜೆಟ್ಟಿಯ ಪಕ್ಕದ್ದು ಎಲ್ಲರಿಗೂ ಅನುಕೂಲವಾಗಿ ಕಂಡಿತ್ತು, ನನಗೂ ಕೂಡ. ಆದರೆ ಕೊರೆತದಿಂದ ಬುಡ ಬಿಟ್ಟು ಲಗೂನಿನ ಕಡೆ ವಾಲಿದ್ದ ತೆಂಗಿನ ಮರಗಳ ಸಾಲನ್ನು ನೋಡಿದ ಮೇಲೆ ಅದರ ಮಾತೇ ಬರಲಿಲ್ಲ. ಹೆಲಿಪ್ಯಾಡಿನ ಬಳಿಯ ಜಾಗ ದ್ವೀಪದ ತುದಿಯಲ್ಲಿತ್ತು, ಅಲ್ಲಿ ನೆಲ ಎರಡೂ ಕಡೆಯಿಂದ ಕಿರಿದಾಗುತ್ತ ಹೋಗುತ್ತದೆ. ಉಳಿದದ್ದು ದ್ವೀಪದ ನಟ್ಟನಡುವಿನ ತೆಂಗಿನ ತೋಟ. ಬಿರುಗಾಳಿಗೆ ದೂರ, ಎಲ್ಲ ಮನೆಗಳಿಗೂ ಸಮೀಪ, ಮಾಲೀಕರೂ ಕೊಡಲು ಸಿದ್ಧ. ನಕ್ಷೆಯನ್ನು ಅದರ ಮೇಲೆ ಹಾಸಿ ಶಸ್ತ್ರಚಿಕಿತ್ಸೆಯ ಕೋಣೆ ಎಲ್ಲಿ ಬರುತ್ತದೆಂದು ಗೂಟ ಹೊಡೆಯಲು ಹೋದಾಗ ನನ್ನ ಕಾಲಿಗೆ ಎಡವಿದ್ದು ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಮೊಣಕಾಲೆತ್ತರದ ಒಂದು ಹವಳದ ಕಲ್ಲು. ಅದರಿಂದ ಆಳುದ್ದ ದೂರದಲ್ಲಿ ಇನ್ನೊಂದು. ಬಗ್ಗಿ ನೋಡಿದರೆ ಅಂಥ ಜೋಡಿಗಳು ಏಳೆಂಟು.

ಜೊತೆಯಲ್ಲಿದ್ದ ಹಿರಿಯರು ಸಿಟ್ಟಾಗಲಿಲ್ಲ. ಬ್ಯಾರಿ ಮಾತು ಕೇಳುತ್ತಲೇ ಬೆಳೆದ ನನಗೆ ಅವರ ಜೆಸರಿ ಭಾಷೆ ಅರ್ಧಕ್ಕರ್ಧ ತಿಳಿಯುತ್ತಿತ್ತು. ಆ ತೋಟ ಶುಕ್ರವಾರದ ಸ್ವತ್ತು ಎಂದರು. ಅಲ್ಲಿ ತಾಯಿಯ ಕಡೆಯಿಂದ ಇಳಿದು ಬಂದ ಕುಟುಂಬದ ಆಸ್ತಿಗೆ ವೆಳ್ಳಿಯಾಳ್ಚ ಸ್ವತ್ತು, ಸ್ವಂತ ಸಂಪಾದನೆಗೆ ತಿಂಗಳಾಳ್ಚ ಸ್ವತ್ತು, ಅಂದರೆ ಸೋಮವಾರದ್ದು, ಎನ್ನುತ್ತಾರೆ. ಸೋಮವಾರದ್ದನ್ನು ಒಬ್ಬನೇ ಕೊಡಬಹುದು. ಶುಕ್ರವಾರದ್ದಕ್ಕೆ ತರವಾಡಿನವರೆಲ್ಲ, ಅಂದರೆ ತಾಯಿಯ ಕಡೆಯ ಕೂಡುಕುಟುಂಬದವರೆಲ್ಲ, ಒಪ್ಪಬೇಕು, ಮಣ್ಣಿನ ಕೆಳಗಿರುವವರನ್ನು ಕೇಳುವುದು ಹೇಗೆಂದು ಮಾತ್ರ ತನಗೆ ಗೊತ್ತಿಲ್ಲ ಎಂದು ನಕ್ಕರು. ಅಳಿಯಕಟ್ಟಿನ ನಾಡಿನಿಂದ ಹೋದ ನನಗೆ ಇದನ್ನು ಮೊದಲೇ ಕೇಳಬೇಕೆಂದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ಗೋರಿಗಳಿಲ್ಲದ ಮೂಲೆಯಲ್ಲಾದರೂ ಕಟ್ಟಬಹುದಲ್ಲ ಎಂಬ ನನ್ನ ಹಟವನ್ನು ಮುರಿದವರು ಅಂತರ್ಜಲದ ತಜ್ಞರು. ಹವಳದ ಮರಳಿನ ದ್ವೀಪದಲ್ಲಿ ಮಳೆಯ ನೀರು ಉಪ್ಪುನೀರಿನ ಮೇಲೆ ತೆಳುವಾದ ಮಸೂರದಂತೆ ತೇಲುತ್ತಿರುತ್ತದೆ. ನದಿಯಿಲ್ಲ, ಕೆರೆಯಿಲ್ಲ; ಬಾವಿ ಎಂದರೆ ಆ ಮಸೂರಕ್ಕೆ ಇಟ್ಟ ತೂತು. ಮಧ್ಯದಲ್ಲಿ ಅದು ದಪ್ಪ, ಅಂಚಿಗೆ ತೆಳು, ಮತ್ತು ನೀರು ಮಧ್ಯದಿಂದ ಎರಡೂ ದಡಗಳ ಕಡೆಗೆ ನಿಧಾನವಾಗಿ ಹರಿಯುತ್ತದೆ. ನೂರಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಮೂವತ್ತು ಹಾಸಿಗೆಗೆ 10,200 ಲೀಟರ್. ಅಷ್ಟನ್ನು ಮಧ್ಯದಿಂದ ಎತ್ತಿದರೆ ಕೆಳಗಿನ ಉಪ್ಪು ಮೇಲೇಳುತ್ತದೆ. ಅಲ್ಲಿಯ ಕೊಳವೆಯೊಂದು ಸೋರಿದರೆ ಆ ಕೊಳೆ ಇಳಿಜಾರಿನಲ್ಲಿರುವ ಪ್ರತಿಯೊಂದು ಮನೆಯ ಬಾವಿಯನ್ನು ಮುಟ್ಟಿಯೇ ಸಮುದ್ರಕ್ಕೆ ಹೋಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ನಾವು ತಿರುಗಿಸಿ ಓದಬೇಕಾಗಿತ್ತು: ಆಸ್ಪತ್ರೆ ಊರಿಗೆ ಬರಬೇಕು, ಊರಿನ ನೀರಿಗೆ ಬರಬಾರದು.

ಹಾಗಾಗಿ ಆ ದಿನವಿಡೀ ನಾವು ಹುಡುಕಿದ್ದು ಕೆಟ್ಟ ಬಾವಿಯನ್ನು. ತೋಟದ ಬಾವಿಯಲ್ಲಿ ಬೆಳಿಗ್ಗೆಯ ಗೆರೆಗೂ ಮಧ್ಯಾಹ್ನದ ನೀರಿಗೂ ಎರಡು ಬೆರಳಿನ ಅಂತರ ಮಾತ್ರ ಇತ್ತು. ನಾನು ಮೊದಲು ಹೇಳಿದ ಬಾವಿ, ಲಗೂನಿನ ಕಡೆ, ಹಳೆಯ ಕೊಬ್ಬರಿ ಗೋದಾಮಿನ ಹಿಂದೆ, ಒಂದು ಗೇಣು ಏರಿತ್ತು. ಸಮುದ್ರದ ಜೊತೆ ಅಷ್ಟು ಸಲೀಸಾಗಿ ಮಾತಾಡುವ ನೆಲದಲ್ಲಿ ಸಿಹಿನೀರು ನಿಲ್ಲುವುದಿಲ್ಲ. ಅದಕ್ಕೂ ದಡಕ್ಕೂ ನಡುವೆ ಮನೆಯಿಲ್ಲ, ಬೇರೆ ಬಾವಿಯಿಲ್ಲ. ಉಪ್ಪಿನಂಶ ಅಳೆಯುವ ಮೀಟರಿನ ಮುಳ್ಳು ಏರಿದ್ದನ್ನು ತಜ್ಞರು ಸಂತೋಷದಿಂದ ಬರೆದುಕೊಳ್ಳುತ್ತಿರುವಾಗ ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು, ಇದು ಕುಡಿಯುವ ನೀರಲ್ಲವೆಂದು ತಮ್ಮ ಅಜ್ಜಿಗೂ ಗೊತ್ತಿತ್ತು, ಅದಕ್ಕೆ ಪೆಟ್ಟಿಗೆ ಯಾಕೆ ಎಂದರು.

ಪಟ್ಟಿಯಲ್ಲಿಲ್ಲದ ಆ ನಾಲ್ಕನೆಯ ಜಾಗವನ್ನೇ ನಾವು ಶಿಫಾರಸು ಮಾಡಿದೆವು, ಹಲವು ಷರತ್ತುಗಳೊಂದಿಗೆ: ಅಡಿಪಾಯ ಎತ್ತರಿಸಬೇಕು, ಬಾವಿ ತೋಡಬಾರದು, ಚಾವಣಿಯ ಮಳೆಯನ್ನು ಹಿಡಿಯಬೇಕು, ಶುದ್ಧೀಕರಿಸಿದ ಕೊಳಚೆಯನ್ನು ಮರುಬಳಸಬೇಕೇ ಹೊರತು ಲಗೂನಿಗೆ ಬಿಡಬಾರದು. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,500 ಮಿ.ಮೀ. ಮಳೆ, ನಮ್ಮ ದಕ್ಷಿಣ ಕನ್ನಡದ ಅರ್ಧವೂ ಅಲ್ಲ. ಬೇಸಿಗೆಗೆ ಅದು ಸಾಲದು. 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಆರಂಭವಾದಂಥ, ಆಳಸಮುದ್ರದ ತಣ್ಣೀರಿನಿಂದ ಆವಿಯನ್ನು ತಂಪಾಗಿಸಿ ಸಿಹಿನೀರು ಮಾಡುವ ಸ್ಥಾವರದ ನೀರೇ ಆಗ ಆಧಾರ.

ಸಂಜೆಯ ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಉತ್ತರದ ತುದಿಯಿಂದ ಬಂದಿದ್ದ ಒಬ್ಬ ಮೀನುಗಾರ, ಮಧ್ಯದ ತೋಟವಾಗಿದ್ದರೆ ತನಗೆ ಅರ್ಧ ದಾರಿ ಉಳಿಯುತ್ತಿತ್ತು, ರಾತ್ರಿ ಉಬ್ಬಸದ ಮಗುವನ್ನು ಸೈಕಲಿನ ಮೇಲೆ ಕೂರಿಸಿಕೊಂಡು ಬರುವವನು ತಾನೇ ಹೊರತು ನಾವಲ್ಲ ಎಂದ. ಅವನ ಮಾತು ನಿಜ. ಉತ್ತರದಲ್ಲಿ ಆಮ್ಲಜನಕ ಇರುವ ಒಂದು ಉಪಕೇಂದ್ರ ಎಂದು ವರದಿಯಲ್ಲಿ ಒಂದು ಸಾಲು ಸೇರಿಸಿದೆವು. ಅದರಿಂದ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮರುದಿನ ದೋಣಿ ಹತ್ತುವ ಮೊದಲು ಕೊನೆಯ ಅಳತೆಗೆಂದು ಬಾವಿಯ ಬಳಿ ಹೋದಾಗ ಅಜ್ಜಿ ಅಲ್ಲೇ ಇದ್ದರು. ಆಸ್ಪತ್ರೆ ಬಂದರೆ ಈ ಬಾವಿಯನ್ನು ಮುಚ್ಚುತ್ತೀರಾ ಎಂದು ಕೇಳಿದರು. ನನ್ನ ಬ್ಯಾಗಿನಲ್ಲಿದ್ದ ನಕ್ಷೆಯಲ್ಲಿ ಜನರೇಟರ್ ಕೋಣೆ ಸರಿಯಾಗಿ ಆ ಬಾವಿಯ ಮೇಲೆಯೇ ಕುಳಿತಿತ್ತು. ಕುಡಿಯಲು ಬಾರದ ನೀರು ಎಂದು ತಿಳಿದ ಮೇಲೆ ಅದು ಯಾರದೋ ಬಾವಿ ಎಂಬುದನ್ನೇ ನಾನು ಮರೆತಿದ್ದೆ. ಇಲ್ಲ ಎಂದೆ. ಹಡಗು ಹತ್ತಿದ ಮೇಲೆ ಡೆಕ್ಕಿನ ದೀಪದ ಕೆಳಗೆ ನಕ್ಷೆಯನ್ನು ಬಿಚ್ಚಿ, ಜನರೇಟರ್ ಕೋಣೆಯನ್ನು ಅಳಿಸಿ, ಹತ್ತು ಮೀಟರ್ ಆಚೆಗೆ ಗೋದಾಮಿನ ಗೋಡೆಗೆ ಒತ್ತಿ ಬರೆದೆ. ಬಾವಿಯ ಸುತ್ತ ಬಟ್ಟೆ ಒಗೆಯುವ ಎರಡು ಕಲ್ಲುಗಳನ್ನೂ ಗುರುತಿಸಿದೆ.