ಅಯ್ಯನಕೆರೆಯ ನೀರಿನ ತಿಳಿ ಅಳತೆ: ಐದನೇ ತಿಂಗಳ ದಾಖಲೆ

ಸಖರಾಯಪಟ್ಟಣಕ್ಕೆ ಮೇಲುಭಾಗದಲ್ಲಿ, ಬಾಬಾಬುಡನ್‌ಗಿರಿ ಸಾಲಿನ ತಪ್ಪಲಿನಲ್ಲಿರುವ ಅಯ್ಯನಕೆರೆಯ ನೀರು ಯಾವ ತಿಂಗಳಲ್ಲಿ ಎಷ್ಟು ತಿಳಿಯಾಗಿರುತ್ತದೆ ಎಂಬುದನ್ನು ಒಂದು ವರ್ಷ ಬರೆದಿಡಬೇಕೆಂದು ಜೂನ್‌ನಲ್ಲಿ ಹಿಡಿದ ಕೆಲಸ ಈಗ ಅಕ್ಟೋಬರ್‌ ದಾಟಿದೆ. ಗೌರಿಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಈ ಕೆರೆಯ ಜೀರ್ಣೋದ್ಧಾರವೇ 1156ರಲ್ಲಿ, ಹೊಯ್ಸಳರ ಕಾಲದಲ್ಲಿ ನಡೆದಿರುವುದರಿಂದ ಮೂಲ ಏರಿ ಅದಕ್ಕೂ ಹಿಂದಿನದು. ಇಲ್ಲಿಂದ ವೇದಾ ಎಂಬ ಹೆಸರಿನಲ್ಲಿ ಹರಿಯುವ ನೀರು ಮದಗದ ಕೆರೆಯಿಂದ ಬರುವ ಅವತಿಯನ್ನು ಕೂಡಿ ವೇದಾವತಿಯಾಗಿ, ಮುಂದೆ ವಾಣಿವಿಲಾಸ ಸಾಗರವನ್ನು ಸೇರುತ್ತದೆ.

ಬಳಸುತ್ತಿರುವುದು ಸೆಕ್ಕಿ ಬಿಲ್ಲೆ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ಬಿಲ್ಲೆ ಇಳಿಬಿಟ್ಟು ನೀರಿನ ತಿಳಿಯನ್ನು ಅಳೆದ ಕ್ರಮವಿದು. ನನ್ನದು 20 ಸೆಂ.ಮೀ. ಅಗಲದ ತಗಡು; ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಅಡಿಗೆ ಸೀಸದ ಗುಂಡು ಕಟ್ಟಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ತೆಪ್ಪದ ನೆರಳಿನ ಮಗ್ಗುಲಲ್ಲಿ ಇದನ್ನು ಇಳಿಸಿದಾಗ ಮೊದಲು ಕಪ್ಪು ಮಾಯವಾಗುತ್ತದೆ, ಬಿಳಿ ತುಸು ಹಸಿರಾಗಿ, ಕಡೆಗೆ ಮಂಜಿನಂತೆ ಕರಗುತ್ತದೆ. ಅದು ಕಾಣದಾದ ಆಳ, ಮೇಲೆಳೆದಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿಯೇ ಆ ದಿನದ ಅಳತೆ.

ಮೊದಲ ತಿಂಗಳ ಲೆಕ್ಕ ಕೆಟ್ಟಿತು. ಹತ್ತಿಯ ಹಗ್ಗಕ್ಕೆ 25 ಸೆಂ.ಮೀ.ಗೊಂದರಂತೆ ಹಾಕಿದ್ದ ಗಂಟುಗಳು, ಹಗ್ಗ ನೆನೆದು ಕುಗ್ಗಿದ ಮೇಲೆ 24 ಸೆಂ.ಮೀ.ಗೆ ಬಂದಿದ್ದವು. ಹಗ್ಗ ಯಾವಾಗಿನಿಂದ ಕುಗ್ಗಿತೆಂಬುದು ತಿಳಿಯದ್ದರಿಂದ ಜೂನ್‌ನ ಅಂಕಿಗಳನ್ನು ತಿದ್ದಲು ಹೋಗದೆ ಪೂರ್ತಿ ಕೈಬಿಟ್ಟು, ಪಾಲಿಯೆಸ್ಟರ್ ಹಗ್ಗಕ್ಕೆ ಬದಲಾಯಿಸಿದೆ.

ಜುಲೈನ ಜಡಿಮಳೆಯ ನಂತರ ಹಳ್ಳ ಬಂದು ಸೇರುವ ಕಡೆ ಬಿಲ್ಲೆ 30 ಸೆಂ.ಮೀ.ಗೇ ಕಾಣದಾಯಿತು, ಅದೇ ದಿನ ಏರಿಯ ಹತ್ತಿರ 70 ಸೆಂ.ಮೀ. ಇತ್ತು. ಹೂಳು ಹಳ್ಳದ ಬಾಯಲ್ಲೇ ಬಹುಪಾಲು ಕೂರುತ್ತಿದೆ ಎಂದು ಇದರಿಂದ ನನಗೆ ತೋರುತ್ತದೆ. ಅಕ್ಟೋಬರ್‌ನಲ್ಲಿ ಏರಿಯ ಬಳಿ 130 ಸೆಂ.ಮೀ.ವರೆಗೆ ತಿಳಿಯಾದ ನೀರಿಗೆ ಕೆಂಪಿನ ಬದಲು ಹಸಿರು ಛಾಯೆ ಬಂದಿತ್ತು. ಮಣ್ಣಿನ ಬಗ್ಗಡವನ್ನೂ ಪಾಚಿಯ ಬಗ್ಗಡವನ್ನೂ ಬಿಲ್ಲೆ ಬೇರ್ಪಡಿಸಿ ತೋರಿಸಲಾರದು. ಆದುದರಿಂದ ಇನ್ನು ಮುಂದೆ ಪ್ರತಿ ಸಲವೂ ಒಂದು ಗಾಜಿನ ಶೀಶೆಯಲ್ಲಿ ನೀರು ತುಂಬಿ, ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣಿನ ದಪ್ಪವನ್ನೂ ಬರೆದುಕೊಳ್ಳುತ್ತೇನೆ. ನವೆಂಬರ್‌ನ ಮೊದಲ ಶೀಶೆ ಈಗ ಕಿಟಕಿಯ ಬಳಿ ಇದೆ.